ಓವರ್‌ಕ್ಲಾಕಿಂಗ್‌ಗಾಗಿ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಹೊಂದಾಣಿಕೆ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಚಲಾಯಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದು ಪ್ರೊಸೆಸರ್ ಒಂದರಿಂದಲೇ ಆಗುವ ಕೆಲಸವಲ್ಲ. ಅದನ್ನು ಹೊತ್ತ ಮದರ್‌ಬೋರ್ಡ್ ಅಷ್ಟೇ ಮುಖ್ಯ. ಪ್ರೊಸೆಸರ್ ಸಾಕೆಟ್‌ನಲ್ಲಿ ಸರಿಯಾಗಿ ಕುಳಿತುಕೊಳ್ಳುವುದು ಹೊಂದಾಣಿಕೆಯ ಮೊದಲ ಮೆಟ್ಟಿಲು ಮಾತ್ರ. ವೇಗವನ್ನು ಬದಲಿಸಲು ಚಿಪ್‌ಸೆಟ್ ಅನುಮತಿಸಬೇಕು, ಬಯೋಸ್ ಆ ಪ್ರೊಸೆಸರನ್ನು ಗುರುತಿಸಬೇಕು, ಮದರ್‌ಬೋರ್ಡ್‌ನ ವೋಲ್ಟೇಜ್ ನಿಯಂತ್ರಕವು ಹೆಚ್ಚುವರಿ ವಿದ್ಯುತ್ತನ್ನು ಗಂಟೆಗಟ್ಟಲೆ ಪೂರೈಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ದುಬಾರಿ ಬೆಲೆ ಕೊಟ್ಟು ತಂದ ಪ್ರೊಸೆಸರ್ ಸಾಮಾನ್ಯ ಪ್ರೊಸೆಸರ್‌ನಂತೆಯೇ ಕೆಲಸ ಮಾಡುತ್ತದೆ, ಇಲ್ಲವೇ ಕೆಲಸವನ್ನೇ ಮಾಡುವುದಿಲ್ಲ.

ವೇಗದ ಲೆಕ್ಕ

ಪ್ರೊಸೆಸರ್‌ನ ವೇಗವು ಎರಡು ಸಂಖ್ಯೆಗಳ ಗುಣಲಬ್ಧವಾಗಿದೆ. ಒಂದು, ಇಡೀ ವ್ಯವಸ್ಥೆಗೆ ತಾಳ ಹಾಕುವ ಮೂಲ ಗಡಿಯಾರದ ಆವರ್ತನ; ಇನ್ನೊಂದು, ಪ್ರೊಸೆಸರ್‌ನೊಳಗಿನ ಗುಣಕ. ಮೂಲ ಗಡಿಯಾರ 100 ಮೆಗಾಹರ್ಟ್ಸ್ ಹಾಗೂ ಗುಣಕ 45 ಆಗಿದ್ದರೆ ವೇಗ 4,500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಆದ್ದರಿಂದ ವೇಗವನ್ನು ಹೆಚ್ಚಿಸಲು ಇರುವ ದಾರಿಗಳೂ ಎರಡೇ. ಗುಣಕವನ್ನು ಏರಿಸಿದರೆ ಪ್ರೊಸೆಸರ್ ಮಾತ್ರ ವೇಗವಾಗುತ್ತದೆ. ಮೂಲ ಗಡಿಯಾರವನ್ನು ಏರಿಸಿದರೆ ಅದಕ್ಕೆ ಜೋಡಿಸಿಕೊಂಡಿರುವ ಮೆಮೊರಿ, ವಿಸ್ತರಣಾ ಸ್ಲಾಟ್ ಮುಂತಾದ ಭಾಗಗಳೂ ವೇಗ ಹೆಚ್ಚಿಸಿಕೊಳ್ಳುತ್ತವೆ. ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಮೊದಲು ಸೋಲುತ್ತದೆ.

ನಿಗದಿತ ವೇಗಕ್ಕಿಂತ ಮೇಲೆ ಓಡುವ ಶಕ್ತಿ ಪ್ರೊಸೆಸರ್‌ಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸಹಜ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೆಲ್ಲವೂ ಸಮಾನವಾಗಿರುವುದಿಲ್ಲ. ತಯಾರಕರು ಅವುಗಳನ್ನು ಪರೀಕ್ಷಿಸಿ ಬೇರೆ ಬೇರೆ ದರ್ಜೆಗಳಲ್ಲಿ ಮಾರುತ್ತಾರೆ, ಮತ್ತು ಪ್ರತಿ ದರ್ಜೆಯಲ್ಲೂ ಸುರಕ್ಷತೆಗಾಗಿ ಸ್ವಲ್ಪ ಅಂತರವನ್ನು ಬಿಟ್ಟಿರುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವವರು ಬಳಸಿಕೊಳ್ಳುವುದು ಈ ಅಂತರವನ್ನು. ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳು ಒಂದೇ ವೇಗವನ್ನು ಮುಟ್ಟುತ್ತವೆಂಬ ಭರವಸೆ ಇಲ್ಲದಿರುವುದಕ್ಕೂ ಇದೇ ಕಾರಣ.

ಇತಿಹಾಸ

1990ರ ದಶಕದ ಕೊನೆಯವರೆಗೂ ಓವರ್‌ಕ್ಲಾಕಿಂಗ್ ಎಂದರೆ ಬಹುಮಟ್ಟಿಗೆ ಮದರ್‌ಬೋರ್ಡ್‌ನ ಮೂಲ ಗಡಿಯಾರವನ್ನು ಏರಿಸುವುದೇ ಆಗಿತ್ತು. ಇದರ ಪ್ರಸಿದ್ಧ ನಿದರ್ಶನ 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ. ಅದರ ಗುಣಕ 4.5ಕ್ಕೆ ಬಂಧಿತವಾಗಿತ್ತು, 66 ಮೆಗಾಹರ್ಟ್ಸ್ ಬಸ್‌ನಲ್ಲಿ 300 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಆದರೆ ಇಂಟೆಲ್‌ನದೇ 440ಬಿಎಕ್ಸ್ ಚಿಪ್‌ಸೆಟ್ ಇದ್ದ ಬೋರ್ಡ್‌ಗಳು 100 ಮೆಗಾಹರ್ಟ್ಸ್ ಬಸ್ಸನ್ನು ಅಧಿಕೃತವಾಗಿಯೇ ಬೆಂಬಲಿಸುತ್ತಿದ್ದವು. ಬಸ್ಸನ್ನು ಅಲ್ಲಿಗೆ ಏರಿಸಿದರೆ ಅದೇ ಸೆಲೆರಾನ್ 450 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತಿತ್ತು. 440ಬಿಎಕ್ಸ್ ಪಿಸಿಐ ಬಸ್ಸಿಗೆ ಮೂರನೆಯ ಒಂದು ಭಾಗದ ಭಾಜಕವನ್ನು ಒದಗಿಸುತ್ತಿದ್ದುದರಿಂದ ಆ ಸ್ಲಾಟ್‌ಗಳು ತಮ್ಮ 33 ಮೆಗಾಹರ್ಟ್ಸ್‌ನಲ್ಲೇ ಉಳಿಯುತ್ತಿದ್ದವು. ಹಿಂದಿನ ತಲೆಮಾರಿನ 440ಎಲ್‌ಎಕ್ಸ್ ಬೋರ್ಡ್‌ನಲ್ಲೂ ಇದೇ ಪ್ರೊಸೆಸರ್ ಕುಳಿತುಕೊಳ್ಳುತ್ತಿತ್ತು, ಆದರೆ ಅದರ ಅಧಿಕೃತ ಬಸ್ ವೇಗ 66 ಮೆಗಾಹರ್ಟ್ಸ್ ಮಾತ್ರ. ಪ್ರೊಸೆಸರ್ ಒಂದೇ, ಸ್ಲಾಟ್ ಒಂದೇ. ಫಲಿತಾಂಶವನ್ನು ಬೇರೆಯಾಗಿಸಿದ್ದು ಚಿಪ್‌ಸೆಟ್. ಈ ಲೇಖನದ ವಿಷಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಅದೇ ಕಾಲದಲ್ಲಿ ಮದರ್‌ಬೋರ್ಡ್ ತಯಾರಕರೂ ಈ ಬಳಕೆದಾರರನ್ನು ಗುರುತಿಸತೊಡಗಿದರು. ತೈವಾನಿನ ಎಬಿಟ್ ಸಂಸ್ಥೆಯ ಸಾಫ್ಟ್‌ಮೆನು ಸೌಲಭ್ಯವು ಬೋರ್ಡ್ ಮೇಲಿನ ಜಂಪರ್‌ಗಳನ್ನು ಕಿತ್ತು ಜೋಡಿಸುವ ಬದಲು ಬಯೋಸ್ ಪರದೆಯಲ್ಲೇ ವೇಗ ಮತ್ತು ವೋಲ್ಟೇಜ್ ಬದಲಿಸಲು ಅವಕಾಶ ನೀಡಿತು. ಎಎಂಡಿ 2000ರಲ್ಲಿ ತಂದ ಸಾಕೆಟ್ ಎ ಮಾದರಿಯ ಅಥ್ಲಾನ್ ಮತ್ತು ಡ್ಯುರಾನ್‌ಗಳಲ್ಲಿ ಗುಣಕದ ಬಂಧನವು ಪ್ರೊಸೆಸರ್‌ನ ಮೇಲ್ಮೈಯಲ್ಲೇ ಕಾಣುತ್ತಿದ್ದ ಪುಟ್ಟ ಸೇತುವೆಗಳಲ್ಲಿತ್ತು. ತುಂಡಾದ ಸೇತುವೆಗಳನ್ನು ಸೀಸದ ಕಡ್ಡಿಯ ಗ್ರಾಫೈಟ್‌ನಿಂದ ತಿದ್ದಿ ಜೋಡಿಸಿದರೆ ಬಂಧನ ಬಿಡುಗಡೆಯಾಗುತ್ತಿತ್ತು. ಕೆಲವೇ ರೂಪಾಯಿಯ ಪೆನ್ಸಿಲ್ ಇಂಥ ಕೆಲಸಕ್ಕೆ ಒದಗಿದ್ದು ಗಣಕಯಂತ್ರದ ಚರಿತ್ರೆಯಲ್ಲಿ ಅದೇ ಕೊನೆಯ ಸಲವಿರಬೇಕು.

2007ರ ಕೋರ್ 2 ಕ್ವಾಡ್ ಕ್ಯೂ6600 ಹಳೆಯ ವಿಧಾನದ ಕೊನೆಯ ಜನಪ್ರಿಯ ಪ್ರೊಸೆಸರ್‌ಗಳಲ್ಲೊಂದು. ಗುಣಕ 9, ಬಸ್ 266 ಮೆಗಾಹರ್ಟ್ಸ್, ವೇಗ 2.4 ಗಿಗಾಹರ್ಟ್ಸ್. ಪಿ35 ಚಿಪ್‌ಸೆಟ್ ಅಧಿಕೃತವಾಗಿ ಬೆಂಬಲಿಸುತ್ತಿದ್ದ 333 ಮೆಗಾಹರ್ಟ್ಸ್‌ಗೆ ಬಸ್ಸನ್ನು ಏರಿಸಿದರೆ 3 ಗಿಗಾಹರ್ಟ್ಸ್ ದೊರೆಯುತ್ತಿತ್ತು.

2011ರ ತಿರುವು

ಜನವರಿ 2011ರಲ್ಲಿ ಬಂದ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ತಲೆಮಾರು ಈ ವಿಧಾನವನ್ನು ಬಹುತೇಕ ಮುಚ್ಚಿತು. ಗಡಿಯಾರದ ಉತ್ಪಾದಕವು ಚಿಪ್‌ಸೆಟ್‌ನೊಳಗೆ ಸೇರಿಕೊಂಡು, 100 ಮೆಗಾಹರ್ಟ್ಸ್‌ನ ಒಂದೇ ಮೂಲ ಗಡಿಯಾರದಿಂದ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಎಲ್ಲವೂ ನಡೆಯತೊಡಗಿದವು. ಅದನ್ನು ಶೇಕಡಾ ಐದರಷ್ಟು ಏರಿಸುವಷ್ಟರಲ್ಲೇ ಸಾಮಾನ್ಯವಾಗಿ ವ್ಯವಸ್ಥೆ ಅಸ್ಥಿರವಾಗುತ್ತಿತ್ತು. ಉಳಿದ ದಾರಿ ಗುಣಕ ಮಾತ್ರ. ಆ ದಾರಿಯ ಬೀಗವನ್ನು ಇಂಟೆಲ್ ಎರಡು ಕಡೆ ಹಾಕಿತು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರವಿರಬೇಕು. ಜೊತೆಗೆ ಚಿಪ್‌ಸೆಟ್ ಕೂಡ ಗುಣಕ ಬದಲಾವಣೆಗೆ ಅನುಮತಿ ಪಡೆದದ್ದಾಗಿರಬೇಕು.

ಆಗಿನ ಖರೀದಿದಾರರ ಗೊಂದಲವನ್ನು ಊಹಿಸಬಹುದು. ಕೋರ್ ಐ5-2500ಕೆ ಮತ್ತು ಐ7-2600ಕೆ ಎರಡೂ ಎಲ್‌ಜಿಎ 1155 ಸಾಕೆಟ್‌ನವು. ಅದೇ ಸಾಕೆಟ್‌ನ ಎಚ್67 ಬೋರ್ಡ್‌ನಲ್ಲಿ ಪರದೆಗೆ ಬೇಕಾದ ಕಿಂಡಿಗಳಿದ್ದವು, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸನ್ನು ಬಳಸಬಹುದಿತ್ತು. ಆದರೆ ಗುಣಕವನ್ನು ಏರಿಸಲಾಗುತ್ತಿರಲಿಲ್ಲ. ಪಿ67 ಬೋರ್ಡ್‌ನಲ್ಲಿ ಗುಣಕವನ್ನು ಏರಿಸಬಹುದಿತ್ತು. ಆದರೆ ಅಂತರ್ಗತ ಗ್ರಾಫಿಕ್ಸ್ ಬಳಕೆಗೆ ಬರುತ್ತಿರಲಿಲ್ಲ. ಎರಡನ್ನೂ ಕೊಡುವ ಝಡ್68 ಬಂದದ್ದು ಮೇ 2011ರಲ್ಲಿ. ಎಚ್67 ಬೋರ್ಡ್‌ನಲ್ಲಿ 2600ಕೆ ಹಾಕಿದವರು ‘ಕೆ’ ಅಕ್ಷರಕ್ಕೆ ಕೊಟ್ಟ ಹೆಚ್ಚುವರಿ ಹಣಕ್ಕೆ ಪ್ರತಿಯಾಗಿ ವೇಗವನ್ನು ಪಡೆಯಲಿಲ್ಲ. ಸರಿಯಾದ ಬೋರ್ಡ್ ಇದ್ದವರಿಗೆ ಮಾತ್ರ ಈ ಪ್ರೊಸೆಸರ್ ಉದಾರವಾಗಿತ್ತು: 3.8 ಗಿಗಾಹರ್ಟ್ಸ್ ಟರ್ಬೋ ವೇಗದ 2600ಕೆ ಒಳ್ಳೆಯ ಗಾಳಿ ಕೂಲರ್‌ನೊಂದಿಗೆ 4.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ದಿನನಿತ್ಯ ಓಡುವುದು ಸಾಮಾನ್ಯ ಸಂಗತಿಯಾಗಿತ್ತು.

ಈ ಬೀಗವನ್ನು ಮುರಿಯುವ ಪ್ರಯತ್ನಗಳು ಆಗಾಗ ನಡೆದಿವೆ. 2015ರ ಕೊನೆಯಲ್ಲಿ ಕೆಲವು ತಯಾರಕರು ಝಡ್170 ಬೋರ್ಡ್‌ಗಳಿಗೆ ವಿಶೇಷ ಬಯೋಸ್ ಬಿಡುಗಡೆ ಮಾಡಿ, ‘ಕೆ’ ಇಲ್ಲದ ಸ್ಕೈಲೇಕ್ ಪ್ರೊಸೆಸರ್‌ಗಳನ್ನೂ ಮೂಲ ಗಡಿಯಾರದ ಮೂಲಕ ಏರಿಸುವ ಅವಕಾಶ ಕಲ್ಪಿಸಿದರು. ಅಂತರ್ಗತ ಗ್ರಾಫಿಕ್ಸನ್ನು ಅದಕ್ಕಾಗಿ ಕಳೆದುಕೊಳ್ಳಬೇಕಿತ್ತು. 2016ರ ಆರಂಭದಲ್ಲೇ ಇಂಟೆಲ್ ಮೈಕ್ರೋಕೋಡ್ ಪರಿಷ್ಕರಣೆಯ ಮೂಲಕ ಅದನ್ನು ಮುಚ್ಚಿತು. 2022ರಲ್ಲಿ ಪ್ರತ್ಯೇಕ ಗಡಿಯಾರ ಉತ್ಪಾದಕವನ್ನು ಹೊಂದಿದ್ದ ಕೆಲವೇ ಕೆಲವು ಬಿ660 ಬೋರ್ಡ್‌ಗಳಲ್ಲಿ ಐ5-12400ರಂಥ ಅಗ್ಗದ ಪ್ರೊಸೆಸರ್‌ಗಳು 5 ಗಿಗಾಹರ್ಟ್ಸ್ ದಾಟಿದವು. ಇಂಥ ಅವಕಾಶಗಳು ಬಯೋಸ್‌ನ ಒಂದು ಆವೃತ್ತಿಯಲ್ಲಿ ಇದ್ದು ಮುಂದಿನದರಲ್ಲಿ ಇಲ್ಲವಾಗಬಹುದಾದ್ದರಿಂದ ಇವುಗಳನ್ನು ನಂಬಿ ಹೊಸ ಗಣಕವನ್ನು ಯೋಜಿಸುವುದು ವಿವೇಕವಲ್ಲ.

ಸಾಕೆಟ್

ಸಾಕೆಟ್‌ನ ಹೆಸರು ಅನೇಕ ಸಲ ದಾರಿ ತಪ್ಪಿಸುತ್ತದೆ. 2004ರಲ್ಲಿ ಬಂದ ಎಲ್‌ಜಿಎ 775 ಸಾಕೆಟ್ ಪೆಂಟಿಯಂ 4ರಿಂದ ಕೋರ್ 2 ಕ್ವಾಡ್‌ವರೆಗೆ ಬಳಕೆಯಲ್ಲಿತ್ತು; ಆದರೂ 915 ಚಿಪ್‌ಸೆಟ್‌ನ ಹಳೆಯ ಬೋರ್ಡ್‌ಗಳಲ್ಲಿ ಕೋರ್ 2 ಕುಳಿತುಕೊಳ್ಳುತ್ತಿತ್ತೇ ಹೊರತು ಏಳುತ್ತಿರಲಿಲ್ಲ. 2015ರ ಎಲ್‌ಜಿಎ 1151 ಇನ್ನೂ ವಿಚಿತ್ರ. ಆರನೆಯ ಮತ್ತು ಏಳನೆಯ ತಲೆಮಾರಿನ ಕೋರ್ ಪ್ರೊಸೆಸರ್‌ಗಳು 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳಿಗೆ ಹೊಂದುತ್ತವೆ. 2017ರ ಎಂಟನೆಯ ತಲೆಮಾರು ಅದೇ 1151 ಸಂಪರ್ಕಬಿಂದುಗಳನ್ನು ಹೊಂದಿದ್ದರೂ ಝಡ್370ನಂತಹ 300 ಸರಣಿಯ ಬೋರ್ಡನ್ನೇ ಕೇಳುತ್ತದೆ, ಏಕೆಂದರೆ ಕೆಲವು ಬಿಂದುಗಳಿಗೆ ಬೇರೆ ಕೆಲಸ ನೀಡಲಾಗಿದೆ. ಹಳೆಯ ಸಾಮಾನುಗಳ ಮಾರುಕಟ್ಟೆಯಲ್ಲಿ ಇಂದಿಗೂ ತಪ್ಪು ಜೋಡಿಗಳು ಮಾರಾಟವಾಗುವುದು ಹೆಚ್ಚಾಗಿ ಈ ಸಾಕೆಟ್‌ನಲ್ಲೇ.

ಮುಂದಿನ ಸಾಕೆಟ್‌ಗಳಾದ 2020ರ ಎಲ್‌ಜಿಎ 1200 ಹತ್ತು ಮತ್ತು ಹನ್ನೊಂದನೆಯ ತಲೆಮಾರಿಗೆ, 2021ರ ಎಲ್‌ಜಿಎ 1700 ಹನ್ನೆರಡರಿಂದ ಹದಿನಾಲ್ಕನೆಯ ತಲೆಮಾರಿಗೆ, 2024ರ ಎಲ್‌ಜಿಎ 1851 ಕೋರ್ ಅಲ್ಟ್ರಾ 200 ಸರಣಿಗೆ ಮೀಸಲಾಗಿವೆ. ಎಎಂಡಿ ಸಾಕೆಟ್‌ಗಳನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ರೈಜನ್ ಪ್ರೊಸೆಸರ್‌ಗಳಲ್ಲಿ 1000ದಿಂದ 5000 ಸರಣಿಯವರೆಗಿನವು ಎಎಂ4 ಸಾಕೆಟ್‌ಗೆ ಸೇರಿದವು. 2022ರ 7000 ಸರಣಿಯಿಂದ ಎಎಂ5 ಬಳಕೆಯಲ್ಲಿದೆ.

ಚಿಪ್‌ಸೆಟ್‌ನ ಅನುಮತಿ

ಇಂಟೆಲ್‌ನಲ್ಲಿ ನಿಯಮ ಸರಳವಾಗಿದೆ. ಸಾಮಾನ್ಯ ಮೇಜು ಗಣಕಗಳಲ್ಲಿ ಗುಣಕವನ್ನು ಬದಲಿಸಲು ‘ಕೆ’ ಅಥವಾ ‘ಕೆಎಫ್’ ಅಕ್ಷರಗಳ ಪ್ರೊಸೆಸರ್ ಹಾಗೂ ‘ಝಡ್’ ಅಕ್ಷರದ ಚಿಪ್‌ಸೆಟ್ ಎರಡೂ ಬೇಕು. ‘ಎಫ್’ ಎಂದರೆ ಅಂತರ್ಗತ ಗ್ರಾಫಿಕ್ಸ್ ಇಲ್ಲವೆಂದಷ್ಟೇ ಅರ್ಥ. ‘ಕೆ’ ಪ್ರೊಸೆಸರನ್ನು ಬಿ760 ಬೋರ್ಡ್‌ಗೆ ಹಾಕಿದರೆ ಅದು ತನ್ನ ನಿಗದಿತ ವೇಗದಲ್ಲಿ ಯಾವ ತೊಂದರೆಯೂ ಇಲ್ಲದೆ ಓಡುತ್ತದೆ, ಏರಿಸಲು ಮಾತ್ರ ಬರುವುದಿಲ್ಲ. ಹಾಗೆಯೇ ‘ಕೆ’ ಇಲ್ಲದ ಪ್ರೊಸೆಸರ್‌ಗಾಗಿ ಝಡ್790 ಕೊಂಡರೆ ಹೆಚ್ಚು ಸ್ಲಾಟ್ ಮತ್ತು ಕಿಂಡಿಗಳು ಸಿಗುತ್ತವೆ, ಗುಣಕವಲ್ಲ. ಮೆಮೊರಿಯ ವಿಷಯದಲ್ಲಿ ನಿಯಮ ಸಡಿಲಗೊಂಡಿದೆ: 2021ರ ಬಿ560ರಿಂದ ಮುಂದಿನ ‘ಬಿ’ ಚಿಪ್‌ಸೆಟ್‌ಗಳು ಮೆಮೊರಿಯ ವೇಗವನ್ನು ಏರಿಸಲು ಬಿಡುತ್ತವೆ.

ಎಎಂಡಿಯಲ್ಲಿ ಬೀಗ ಇರುವುದು ಮುಖ್ಯವಾಗಿ ಅತ್ಯಂತ ಅಗ್ಗದ ಬೋರ್ಡ್‌ಗಳಲ್ಲಿ. ರೈಜನ್ ಪ್ರೊಸೆಸರ್‌ಗಳು ಬಹುಪಾಲು ಬಂಧನವಿಲ್ಲದೆ ಬರುತ್ತವೆ. ಬಿ350, ಬಿ450, ಬಿ550, ಬಿ650ರಂತಹ ಮಧ್ಯಮ ಬೆಲೆಯ ಚಿಪ್‌ಸೆಟ್‌ಗಳೂ ಗುಣಕ ಬದಲಿಸಲು ಅನುಮತಿಸುತ್ತವೆ; ಎ320, ಎ520, ಎ620 ಅನುಮತಿಸುವುದಿಲ್ಲ. ಹೆಸರಿನಲ್ಲಿ ‘ಬಿ’ ಇದ್ದರೆ ಸಾಕೆಂದು ಭಾವಿಸುವಂತಿಲ್ಲ: ಬಿ850 ಅನುಮತಿಸುತ್ತದೆ, ಬಿ840 ಇಲ್ಲ. ಪ್ರೊಸೆಸರ್‌ಗಳಲ್ಲಿ ಮುಖ್ಯ ಅಪವಾದ ‘ಎಕ್ಸ್3ಡಿ’ ಸರಣಿ. 2022ರ ರೈಜನ್ 7 5800ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್ ಮೆಮೊರಿಯನ್ನು ಕೋರ್‌ಗಳಿರುವ ಚಿಪ್‌ನ ಮೇಲೆ ಪದರವಾಗಿ ಜೋಡಿಸಲಾಗಿತ್ತು. ಆ ಪದರ ಹೆಚ್ಚಿನ ವೋಲ್ಟೇಜನ್ನು ಸಹಿಸುತ್ತಿರಲಿಲ್ಲವಾದ್ದರಿಂದ ಗುಣಕವನ್ನು ಬಂಧಿಸಲಾಯಿತು. ನವೆಂಬರ್ 2024ರ 9800ಎಕ್ಸ್3ಡಿಯಲ್ಲಿ ಪದರವನ್ನು ಕೋರ್‌ಗಳ ಕೆಳಕ್ಕೆ ಸರಿಸಿ ಬಂಧನವನ್ನು ತೆಗೆಯಲಾಗಿದೆ.

ಬಯೋಸ್ ಆವೃತ್ತಿ

ಸಾಕೆಟ್ ಮತ್ತು ಚಿಪ್‌ಸೆಟ್ ಎರಡೂ ಸರಿಯಿದ್ದರೂ ಬೋರ್ಡ್ ತಯಾರಾದ ಮೇಲೆ ಮಾರುಕಟ್ಟೆಗೆ ಬಂದ ಪ್ರೊಸೆಸರನ್ನು ಅದರ ಬಯೋಸ್ ಗುರುತಿಸದಿರಬಹುದು. ಅಂಗಡಿಯ ಕಪಾಟಿನಲ್ಲಿ ಒಂದು ವರ್ಷ ಕುಳಿತಿದ್ದ ಝಡ್690 ಬೋರ್ಡ್‌ಗೆ ಹದಿಮೂರನೆಯ ಅಥವಾ ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಬಯೋಸ್ ಪರಿಷ್ಕರಿಸಲು ಗಣಕ ಏಳಬೇಕು, ಗಣಕ ಏಳಲು ಬಯೋಸ್ ಪರಿಷ್ಕೃತವಾಗಿರಬೇಕು ಎಂಬ ಈ ಬಿಕ್ಕಟ್ಟಿನಿಂದ ಪಾರಾಗಲು 2018ರಲ್ಲಿ ಎಎಂಡಿ ತನ್ನ ಗ್ರಾಹಕರಿಗೆ ಹಳೆಯ ಪ್ರೊಸೆಸರ್ ಒಂದನ್ನು ಎರವಲು ಕಳುಹಿಸುವ ವ್ಯವಸ್ಥೆಯನ್ನೇ ಮಾಡಿತ್ತು. ಈಗಿನ ಅನೇಕ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಯುಎಸ್‌ಬಿ ಕಡ್ಡಿಯಿಂದ ಬಯೋಸ್ ಬರೆಯುವ ಗುಂಡಿ ಇರುತ್ತದೆ. ಬೇರೆ ಗುಣಗಳು ಸಮನಾಗಿದ್ದರೆ ಈ ಗುಂಡಿ ಇರುವ ಬೋರ್ಡನ್ನು ಆರಿಸುವುದು ಒಳ್ಳೆಯದು. ಪ್ರತಿ ಬೋರ್ಡ್‌ನ ತಯಾರಕರೂ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿಯನ್ನು, ಪ್ರತಿಯೊಂದಕ್ಕೂ ಬೇಕಾದ ಕನಿಷ್ಠ ಬಯೋಸ್ ಆವೃತ್ತಿಯೊಂದಿಗೆ ಪ್ರಕಟಿಸುತ್ತಾರೆ. ಹಣ ಕೊಡುವ ಮೊದಲು ನೋಡಬೇಕಾದ ದಾಖಲೆ ಇದೇ.

ವಿದ್ಯುತ್ ಪೂರೈಕೆ

ಚಿಪ್‌ಸೆಟ್ ಅನುಮತಿಸುತ್ತದೆ ಎಂದ ಮಾತ್ರಕ್ಕೆ ಬೋರ್ಡ್ ಓವರ್‌ಕ್ಲಾಕಿಂಗ್‌ಗೆ ತಕ್ಕದ್ದೆಂದು ಹೇಳಲಾಗದು. ಪ್ರೊಸೆಸರ್ ಬಳಸುವ ವಿದ್ಯುತ್ ಶಕ್ತಿಯು ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 4 ಗಿಗಾಹರ್ಟ್ಸ್ ವೇಗದಲ್ಲಿ 1.20 ವೋಲ್ಟ್‌ಗೆ 100 ವ್ಯಾಟ್ ಬಳಸುವ ಪ್ರೊಸೆಸರೊಂದನ್ನು 4.6 ಗಿಗಾಹರ್ಟ್ಸ್‌ಗೆ ಏರಿಸಲು 1.35 ವೋಲ್ಟ್ ಬೇಕಾಯಿತೆಂದು ಭಾವಿಸೋಣ. ವೇಗ ಏರಿದ್ದು ಶೇಕಡಾ 15. ಶಕ್ತಿಯ ಬಳಕೆಯಾದರೋ 1.15ನ್ನು 1.35 ಭಾಗಿಸು 1.20ರ ವರ್ಗದಿಂದ ಗುಣಿಸಿದಷ್ಟು, ಅಂದರೆ ಸುಮಾರು 146 ವ್ಯಾಟ್. ಸೋರಿಕೆಯ ಪ್ರವಾಹವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತಾಪಮಾನದೊಂದಿಗೆ ಅದೂ ಏರುವುದರಿಂದ ವಾಸ್ತವ ಬಳಕೆ ಇನ್ನೂ ಹೆಚ್ಚಿರುತ್ತದೆ.

ಈ ಶಕ್ತಿಯನ್ನು ಒದಗಿಸುವುದು ಸಾಕೆಟ್‌ನ ಸುತ್ತ ಇರುವ ವೋಲ್ಟೇಜ್ ನಿಯಂತ್ರಕ ಮಂಡಲ. ವಿದ್ಯುತ್ ಪೆಟ್ಟಿಗೆಯಿಂದ ಬರುವ 12 ವೋಲ್ಟನ್ನು ಅದು ಒಂದೂಕಾಲು ವೋಲ್ಟ್‌ನ ಆಸುಪಾಸಿಗೆ ಇಳಿಸುತ್ತದೆ. ವೋಲ್ಟೇಜ್ ಇಳಿದಷ್ಟೂ ಪ್ರವಾಹ ಏರುತ್ತದೆ: 1.25 ವೋಲ್ಟ್‌ನಲ್ಲಿ 200 ವ್ಯಾಟ್ ಎಂದರೆ 160 ಆಂಪಿಯರ್. ಇಷ್ಟು ಪ್ರವಾಹವನ್ನು ಒಂದೇ ದಾರಿಯಲ್ಲಿ ಕಳುಹಿಸಲಾಗದ ಕಾರಣ ಮಂಡಲವನ್ನು ಹಲವು ಹಂತಗಳಾಗಿ ವಿಭಜಿಸುತ್ತಾರೆ. ಪ್ರತಿ ಹಂತದಲ್ಲೂ ಮಾಸ್‌ಫೆಟ್ ಸ್ವಿಚ್‌ಗಳು ಮತ್ತು ಒಂದು ಸುರುಳಿ ಇರುತ್ತವೆ. ಎಂಟು ಹಂತಗಳಿದ್ದರೆ ಪ್ರತಿಯೊಂದೂ 20 ಆಂಪಿಯರ್ ಹೊರುತ್ತದೆ, ನಾಲ್ಕೇ ಇದ್ದರೆ 40. ವಾಹಕದಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅದೇ ಗುಣಮಟ್ಟದ ಬಿಡಿಭಾಗಗಳಿದ್ದಾಗ, ನಾಲ್ಕು ಹಂತಗಳ ಬೋರ್ಡ್‌ನಲ್ಲಿ ಪ್ರತಿ ಹಂತವೂ ನಾಲ್ಕು ಪಟ್ಟು, ಒಟ್ಟು ಮಂಡಲ ಎರಡು ಪಟ್ಟು ಕಾಯುತ್ತದೆ. ದಕ್ಷತೆ ಶೇಕಡಾ 90 ಎಂದಿಟ್ಟುಕೊಂಡರೂ 200 ವ್ಯಾಟ್ ಕೊಡುವ ಮಂಡಲ ತಾನೇ 22 ವ್ಯಾಟ್ ಶಾಖವನ್ನು ಹೊರಹಾಕಬೇಕು. ಬೆಸುಗೆ ಕಡ್ಡಿಯೊಂದರ ಶಕ್ತಿಯಷ್ಟು ಶಾಖ ಅಂಗೈಗಿಂತ ಚಿಕ್ಕ ಜಾಗದಲ್ಲಿ ಹುಟ್ಟುತ್ತದೆಂದರೆ, ಮಾಸ್‌ಫೆಟ್‌ಗಳ ಮೇಲೆ ಲೋಹದ ಶಾಖಹಾರಿಯೇ ಇಲ್ಲದ ಬೋರ್ಡ್‌ನ ಗತಿ ಏನೆಂಬುದು ತಿಳಿಯುತ್ತದೆ.

ಮಂಡಲ ಅತಿಯಾಗಿ ಕಾದಾಗ ಬಹುತೇಕ ಬೋರ್ಡ್‌ಗಳು ತಾವಾಗಿಯೇ ಪ್ರೊಸೆಸರ್‌ನ ವೇಗವನ್ನು ತಗ್ಗಿಸುತ್ತವೆ. ಬಳಕೆದಾರನಿಗೆ ಕಾಣುವುದು ವಿಚಿತ್ರ ಲಕ್ಷಣ: ಪ್ರೊಸೆಸರ್ ತಣ್ಣಗಿದೆ, ಬಯೋಸ್‌ನಲ್ಲಿ 5 ಗಿಗಾಹರ್ಟ್ಸ್ ಎಂದು ಬರೆದಿದೆ, ಆದರೆ ಹತ್ತು ನಿಮಿಷಗಳ ನಂತರ ಕೆಲಸ ನಿಧಾನವಾಗುತ್ತದೆ. ಇಂಥಲ್ಲಿ ದೋಷವನ್ನು ಪ್ರೊಸೆಸರ್‌ನಲ್ಲಿ ಹುಡುಕುವುದು ವ್ಯರ್ಥ.

ಇದರ ಅತಿರೇಕದ ಉದಾಹರಣೆ ಎಎಂಡಿ 2013ರಲ್ಲಿ ಬಿಡುಗಡೆ ಮಾಡಿದ ಎಫ್‌ಎಕ್ಸ್-9590. ಎಎಂ3+ ಸಾಕೆಟ್‌ನ ಈ ಪ್ರೊಸೆಸರ್ 4.7 ಗಿಗಾಹರ್ಟ್ಸ್ ಮೂಲ ವೇಗ, 5 ಗಿಗಾಹರ್ಟ್ಸ್ ಟರ್ಬೋ ವೇಗ ಹಾಗೂ 220 ವ್ಯಾಟ್ ಉಷ್ಣಮಿತಿ ಹೊಂದಿತ್ತು. ಅದೇ ಸಾಕೆಟ್‌ನ ಎಫ್‌ಎಕ್ಸ್-8350ರ ಮಿತಿ 125 ವ್ಯಾಟ್, ಅಗ್ಗದ ಅನೇಕ ಬೋರ್ಡ್‌ಗಳ ಮಿತಿ 95 ವ್ಯಾಟ್. ಹೀಗಾಗಿ ಎಎಂ3+ ಎಂದು ಬರೆದಿದ್ದ ಬೋರ್ಡ್‌ಗಳಲ್ಲಿ ಬಹುಪಾಲು ಈ ಪ್ರೊಸೆಸರ್‌ನ ಬೆಂಬಲಿತ ಪಟ್ಟಿಯಲ್ಲೇ ಇರಲಿಲ್ಲ. ಎಫ್‌ಎಕ್ಸ್-9590 ನಿಜವಾಗಿ ಕಾರ್ಖಾನೆಯಲ್ಲೇ ಓವರ್‌ಕ್ಲಾಕ್ ಆಗಿ ಬಂದ ಪ್ರೊಸೆಸರ್ ಎನ್ನಬಹುದು. ಮನೆಯಲ್ಲಿ ಅದೇ ವೇಗಕ್ಕೆ ಏರಿಸಲು ಹೊರಟವರ ಬೋರ್ಡ್‌ಗೂ ಅದೇ ಯೋಗ್ಯತೆ ಬೇಕು.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಹಂತಗಳ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ‘16 ಹಂತ’ ಎಂಬಲ್ಲಿ ಎಂಟು ನಿಯಂತ್ರಿತ ಹಂತಗಳು ಜೋಡಿ ಜೋಡಿಯಾಗಿ ಕೆಲಸ ಮಾಡುತ್ತಿರಬಹುದು. ಅದು ಕೆಟ್ಟ ವಿನ್ಯಾಸವೆಂದಲ್ಲ, ಎಣಿಕೆಯ ರೀತಿ ಬೇರೆ ಅಷ್ಟೇ. ಪ್ರತಿ ಹಂತದ ಆಂಪಿಯರ್ ಸಾಮರ್ಥ್ಯ, ಶಾಖಹಾರಿಯ ಗಾತ್ರ ಮತ್ತು ಸ್ವತಂತ್ರ ವಿಮರ್ಶಕರು ಅಳೆದ ಮಂಡಲದ ತಾಪಮಾನ ಹೆಚ್ಚು ನಂಬಲರ್ಹ. ಬೋರ್ಡ್‌ಗೆ ವಿದ್ಯುತ್ ತರುವ ಸಂಪರ್ಕವನ್ನೂ ನೋಡಬೇಕು. ಮೇಲಿನ ಉದಾಹರಣೆಯ 222 ವ್ಯಾಟ್ 12 ವೋಲ್ಟ್‌ನಲ್ಲಿ 18.5 ಆಂಪಿಯರ್ ಆಗುತ್ತದೆ. ಎಂಟು ಪಿನ್‌ಗಳ ಸಂಪರ್ಕದಲ್ಲಿ ನಾಲ್ಕು ತಂತಿಗಳು ಅದನ್ನು ಹಂಚಿಕೊಂಡರೆ ತಲಾ 4.6 ಆಂಪಿಯರ್, ನಾಲ್ಕು ಪಿನ್‌ಗಳ ಹಳೆಯ ಸಂಪರ್ಕದಲ್ಲಿ ಎರಡೇ ತಂತಿಗಳ ಮೇಲೆ 9 ಆಂಪಿಯರ್‌ಗೂ ಹೆಚ್ಚು ಭಾರ ಬೀಳುತ್ತದೆ.

ತಂಪುಗೊಳಿಸುವಿಕೆ ಮತ್ತು ಮೆಮೊರಿ

ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ ಪ್ರೊಸೆಸರನ್ನು ಕೋಣೆಯ ತಾಪಮಾನಕ್ಕಿಂತ ಕೆಳಕ್ಕೆ ಇಳಿಸಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಅದರ ಸಾಮರ್ಥ್ಯ. ಯುರೋಪಿನ ವಿಮರ್ಶಕರು 21 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ 80 ಡಿಗ್ರಿ ಎಂದು ಅಳೆದ ವ್ಯವಸ್ಥೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಅಥವಾ ರಾಯಚೂರಿನ ಮನೆಯೊಂದರಲ್ಲಿ 38 ಡಿಗ್ರಿ ಕೋಣೆಯಲ್ಲಿ ಓಡಿದರೆ 97 ಡಿಗ್ರಿ ಮುಟ್ಟುತ್ತದೆ. ಅನೇಕ ಪ್ರೊಸೆಸರ್‌ಗಳು ತಮ್ಮನ್ನು ತಾವೇ ನಿಧಾನಗೊಳಿಸಿಕೊಳ್ಳುವ ಮಿತಿ 95ರಿಂದ 100 ಡಿಗ್ರಿಯ ನಡುವೆ ಇದೆ. ಡಿಸೆಂಬರಿನಲ್ಲಿ ಸ್ಥಿರವಾಗಿದ್ದ ವೇಗ ಏಪ್ರಿಲ್‌ನಲ್ಲಿ ಕೈಕೊಡುವುದು ಇದರಿಂದಲೇ. ನೀರಿನ ಕೂಲರ್ ಬಳಸುವಾಗ ಸಾಕೆಟ್‌ನ ಸುತ್ತ ಗಾಳಿಯ ಚಲನೆ ಕಡಿಮೆಯಾಗಿ ವೋಲ್ಟೇಜ್ ಮಂಡಲ ಇನ್ನಷ್ಟು ಕಾಯಬಹುದೆಂಬುದನ್ನೂ ಗಮನಿಸಬೇಕು.

ಮೆಮೊರಿಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಡಿಡಿಆರ್4 ಹಾಗೂ ಡಿಡಿಆರ್5ರ ವ್ಯತ್ಯಾಸ. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡ್‌ಗಳಿವೆ, ಒಂದರ ಪಟ್ಟಿ ಇನ್ನೊಂದರ ಸ್ಲಾಟ್‌ಗೆ ಹೊಂದುವುದಿಲ್ಲ. ಎಎಂ5 ಮತ್ತು ಎಲ್‌ಜಿಎ 1851 ಡಿಡಿಆರ್5ನ್ನು ಮಾತ್ರ ಸ್ವೀಕರಿಸುತ್ತವೆ. ಮೆಮೊರಿ ಪಟ್ಟಿಯ ಮೇಲೆ ಬರೆದ ವೇಗ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ಸೌಲಭ್ಯವನ್ನು ಬಯೋಸ್‌ನಲ್ಲಿ ಆರಿಸಿದಾಗ ಮಾತ್ರ ದೊರೆಯುತ್ತದೆ. ಅದೂ ಒಂದು ಬಗೆಯ ಓವರ್‌ಕ್ಲಾಕಿಂಗ್ ಎಂದೇ ಇಬ್ಬರೂ ಪರಿಗಣಿಸುತ್ತಾರೆ.

ಜೋಡಿಯ ಆಯ್ಕೆ: ಒಂದು ನಿದರ್ಶನ

ಕೋರ್ ಐ5-14600ಕೆ ಕೊಳ್ಳಲು ಬಯಸಿದ ವಿದ್ಯಾರ್ಥಿಯೊಬ್ಬರ ಮುಂದೆ ಎಚ್610, ಬಿ760, ಝಡ್690, ಝಡ್790 ಎಂಬ ನಾಲ್ಕು ಬೋರ್ಡ್‌ಗಳಿವೆ ಎಂದು ಭಾವಿಸೋಣ. ನಾಲ್ಕರಲ್ಲೂ ಪ್ರೊಸೆಸರ್ ಕುಳಿತುಕೊಳ್ಳುತ್ತದೆ. ಎಚ್610 ಗುಣಕವನ್ನೂ ಬಿಡುವುದಿಲ್ಲ, ಅಂಥ ಬೋರ್ಡ್‌ಗಳ ಮಂಡಲವೂ ಸಾಮಾನ್ಯವಾಗಿ ಚಿಕ್ಕದು; 14600ಕೆಗೆ ಇಂಟೆಲ್ ನಮೂದಿಸಿದ ಗರಿಷ್ಠ ಟರ್ಬೋ ಶಕ್ತಿ 181 ವ್ಯಾಟ್. ಬಿ760ರಲ್ಲಿ ಮೆಮೊರಿಯನ್ನು ಏರಿಸಬಹುದು, ಪ್ರೊಸೆಸರನ್ನಲ್ಲ. ಉಳಿದ ಎರಡೂ ಯೋಗ್ಯ. ಝಡ್690ರ ಒಳ್ಳೆಯ ಮಂಡಲದ ಬೋರ್ಡ್ ಕಡಿಮೆ ಬೆಲೆಗೆ ಸಿಕ್ಕರೆ, ಬಯೋಸ್ ಪರಿಷ್ಕರಿಸುವ ದಾರಿಯಿದ್ದರೆ, ಅದು ಅಗ್ಗದ ಝಡ್790ಗಿಂತ ಉತ್ತಮ ಆಯ್ಕೆ. ಝಡ್790 ಕೂಡ ಹದಿನಾಲ್ಕನೆಯ ತಲೆಮಾರಿಗಿಂತ ಒಂದು ವರ್ಷ ಮೊದಲೇ ಬಂದದ್ದಾದ್ದರಿಂದ ಹಳೆಯ ದಾಸ್ತಾನಿಗೆ ಅಲ್ಲಿಯೂ ಪರಿಷ್ಕರಣೆ ಬೇಕಾಗಬಹುದು.

ಆದರೆ ಇಷ್ಟೆಲ್ಲ ಮಾಡಿ ದೊರೆಯುವ ಲಾಭವೆಷ್ಟು ಎಂಬುದನ್ನೂ ತೂಗಬೇಕು. 2600ಕೆಯ ಕಾಲದಲ್ಲಿ ತಯಾರಕರು ಬಿಟ್ಟಿದ್ದ ಅಂತರ ದೊಡ್ಡದಾಗಿತ್ತು. ಈಗಿನ ಪ್ರೊಸೆಸರ್‌ಗಳು ತಾಪಮಾನ ಮತ್ತು ಪ್ರವಾಹವನ್ನು ತಾವೇ ಅಳೆದುಕೊಂಡು ಮಿತಿಯ ಹತ್ತಿರಕ್ಕೆ ತಾವೇ ಏರುತ್ತವೆ. ಐ9-14900ಕೆ ಪೆಟ್ಟಿಗೆಯಿಂದ ತೆಗೆದಾಗಲೇ 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಕೈಯಿಂದ ಏರಿಸಿ ಪಡೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಅಲ್ಪವೇ. ಹಣ ಸೀಮಿತವಾಗಿರುವಾಗ ‘ಕೆ’ ಪ್ರೊಸೆಸರ್, ‘ಝಡ್’ ಬೋರ್ಡ್ ಮತ್ತು ದೊಡ್ಡ ಕೂಲರ್‌ಗೆ ಕೊಡುವ ಹೆಚ್ಚುವರಿ ಮೊತ್ತದಿಂದ ಒಂದು ದರ್ಜೆ ಮೇಲಿನ ಗ್ರಾಫಿಕ್ಸ್ ಕಾರ್ಡ್ ಬರುವುದಾದರೆ ಆಟಗಳಲ್ಲಿ ಅದರ ಪ್ರಯೋಜನವೇ ಹೆಚ್ಚು. ವೇಗವನ್ನು ಹಾಗೆಯೇ ಉಳಿಸಿ ವೋಲ್ಟೇಜನ್ನು ಇಳಿಸುವ ರೂಢಿ ಇತ್ತೀಚೆಗೆ ಜನಪ್ರಿಯವಾಗಿರುವುದೂ ಇದೇ ಲೆಕ್ಕಾಚಾರದಿಂದ.

ಸ್ಥಿರತೆ, ಹಾನಿ ಮತ್ತು ವಾರಂಟಿ

ಅಸ್ಥಿರವಾದ ಓವರ್‌ಕ್ಲಾಕ್ ಯಾವಾಗಲೂ ಗಣಕವನ್ನು ನಿಲ್ಲಿಸಿಯೇ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿ, ಆ ತಪ್ಪು ಕಡತದಲ್ಲಿ ಮೌನವಾಗಿ ಉಳಿದುಬಿಡಬಹುದು. ಪ್ರಬಂಧ, ಛಾಯಾಚಿತ್ರ ಮುಂತಾದವನ್ನು ಅದೇ ಗಣಕದಲ್ಲಿ ಇಟ್ಟವರಿಗೆ ಇದು ನಿಜವಾದ ಅಪಾಯ. ಆದ್ದರಿಂದ ಉತ್ತರವನ್ನು ತಾಳೆ ನೋಡುವ ಪರೀಕ್ಷಾ ತಂತ್ರಾಂಶಗಳನ್ನು ಬಳಸುತ್ತಾರೆ. ಅವುಗಳಲ್ಲಿ ಹೆಸರಾದ ಪ್ರೈಮ್95 ಮೂಲತಃ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದದ್ದು. ಮೆಮೊರಿಗೆ ಮೆಮ್‌ಟೆಸ್ಟ್86 ಬಳಕೆಯಲ್ಲಿದೆ.

ಮದರ್‌ಬೋರ್ಡ್‌ನ ಸ್ವಯಂಚಾಲಿತ ಆಯ್ಕೆಗಳೂ ಪೂರ್ಣ ಸುರಕ್ಷಿತವಲ್ಲ. 2023ರಲ್ಲಿ ಎಕ್ಸ್‌ಪೋ ಸೌಲಭ್ಯ ಆರಿಸಿದಾಗ ಕೆಲವು ಎಎಂ5 ಬೋರ್ಡ್‌ಗಳು ಮೆಮೊರಿ ನಿಯಂತ್ರಕಕ್ಕೆ ಅತಿ ಹೆಚ್ಚು ವೋಲ್ಟೇಜ್ ನೀಡಿದ್ದರಿಂದ ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳು ವರದಿಯಾದವು. ಎಎಂಡಿ ಆ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸುವ ಬಯೋಸ್ ಪರಿಷ್ಕರಣೆ ತಂದಿತು. ಇಂಟೆಲ್‌ನ ಹದಿಮೂರು ಮತ್ತು ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರ್‌ಗಳು ನಿಗದಿತ ವೇಗದಲ್ಲೇ ಅಸ್ಥಿರವಾಗುತ್ತಿವೆ ಎಂಬ ದೂರುಗಳು ಬಂದಾಗ, ಅತಿಯಾದ ವೋಲ್ಟೇಜ್ ಬೇಡಿಕೆ ಅದಕ್ಕೆ ಕಾರಣವೆಂದು ಗುರುತಿಸಿ, ಆಗಸ್ಟ್ 2024ರಲ್ಲಿ ಅದನ್ನು 1.55 ವೋಲ್ಟ್‌ಗೆ ಮಿತಿಗೊಳಿಸುವ ಮೈಕ್ರೋಕೋಡ್ ಬಿಡುಗಡೆ ಮಾಡಲಾಯಿತು. ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಆಗಲೇ ಹಾನಿಗೊಳಗಾದ ಚಿಪ್‌ಗಳನ್ನು ಈ ಪರಿಷ್ಕರಣೆ ಸರಿಪಡಿಸುವುದಿಲ್ಲ. ಈ ತಲೆಮಾರಿನ ಹಳೆಯ ಪ್ರೊಸೆಸರ್ ಕೊಳ್ಳುವವರು ಅದು ಯಾವ ಬಯೋಸ್‌ನೊಂದಿಗೆ ಎಷ್ಟು ಕಾಲ ಓಡಿದೆ ಎಂದು ವಿಚಾರಿಸುವುದು ಅಗತ್ಯ.

ಓವರ್‌ಕ್ಲಾಕಿಂಗ್‌ನಿಂದಾದ ಹಾನಿಯನ್ನು ಎರಡೂ ಸಂಸ್ಥೆಗಳು ಸಾಮಾನ್ಯ ವಾರಂಟಿಯಿಂದ ಹೊರಗಿಟ್ಟಿವೆ. ಎಎಂಡಿಯ ವಿಷಯದಲ್ಲಿ, ಅದರದೇ ತಂತ್ರಾಂಶದ ಮೂಲಕ ಏರಿಸಿದ್ದರೂ ಇದು ಅನ್ವಯಿಸುತ್ತದೆ. ಹೆಚ್ಚುವರಿ ಶುಲ್ಕ ಪಡೆದು ಇಂತಹ ಹಾನಿಗೆ ಒಮ್ಮೆ ಪ್ರೊಸೆಸರ್ ಬದಲಿಸಿಕೊಡುವ ಯೋಜನೆಯೊಂದನ್ನು ಇಂಟೆಲ್ 2012ರಲ್ಲಿ ಆರಂಭಿಸಿತ್ತು. 2021ರಲ್ಲಿ ಅದನ್ನು ನಿಲ್ಲಿಸಿತು.